ಸ್ಲೈಡ್ ಗಿಟಾರ್: ಎಡಗೈ ದಾರಿಗೆ ಬಂತು, ಬಲಗೈ ಬರ್ತಿಲ್ಲ. ಪಿಕ್ಕಾ, ಬೆರಳಾ?

ಕೌಲ್‌ಬಜಾರ್ ಹುಡುಗ
ಎಲ್ಲರಿಗೂ ನಮಸ್ಕಾರ. ಬಳ್ಳಾರಿಯವನು ನಾನು, ಜೀನ್ಸ್ ಯೂನಿಟ್‌ನಾಗೆ ಕಟಿಂಗ್ ಕೆಲಸ. ಗಿಟಾರ್ ಹಿಡಿದು ಆರು ವರ್ಷ ಆಯ್ತು, ಕಾರ್ಡ್ ಹಿಡ್ಕೊಂಡು ಹಾಡೋಷ್ಟು ಬರ್ತೈತೆ. ನಾಕು ತಿಂಗಳಿಂದ ಸ್ಲೈಡ್ ಹುಚ್ಚು ಹಿಡಿದೈತೆ. ಕಿರುಬೆರಳಿಗೆ ಗಾಜಿನ ಸ್ಲೈಡ್ (ತಂತಿ ಮೇಲೆ ಜಾರಿಸೋ ಕೊಳವೆ), ಗಿಟಾರ್ ಓಪನ್ ಡಿ ಟ್ಯೂನಿಂಗ್‌ನಾಗೆ, ಅಂದ್ರೆ ಎಲ್ಲೂ ಒತ್ತದೆ ತಂತಿ ಮೀಟಿದ್ರೇ ಡಿ ಕಾರ್ಡ್ ಬರೋ ಹಂಗೆ.

ಸ್ಲೈಡ್ ಫ್ರೆಟ್ ಕಂಬಿಯ ನೆತ್ತಿ ಮೇಲೇ ನಿಲ್ಲಬೇಕು, ಹಿಂದೆ ನಿಂತ್ರೆ ಸ್ವರ ಇಳೀತೈತೆ ಅನ್ನೋದು ಈಗ ಕಿವಿಗೆ ಹತ್ತೈತೆ. ತೊಂದರೆ ಬಲಗೈದು. ನಿನ್ನೆ ಫೋನ್‌ನಾಗೆ ರೆಕಾರ್ಡ್ ಮಾಡಿ ಕೇಳಿದೆ. ಎರಡನೇ ತಂತಿ ಒಂದನ್ನೇ ಮೀಟಿದೀನಿ, ಆದ್ರೆ ಮೂರು, ನಾಕು, ಐದು ಎಲ್ಲಾ ಸೇರ್ಕೊಂಡು ಗುಂಯ್ ಅಂತಾವೆ. ಐದನೇ ಫ್ರೆಟ್‌ನಿಂದ ಏಳಕ್ಕೆ ಜಾರೋವಾಗ ಹಿಂದೆ ಒಂದು ಕೀಚಲು ದನಿ ಎಳ್ಕೊಂಡೇ ಬರ್ತೈತೆ. ಹಾಡು ಯಾವುದು ಅಂತ ನಮ್ಮಕ್ಕನಿಗೇ ಗೊತ್ತಾಗ್ಲಿಲ್ಲ.

ನಾನು ಮೊದಲಿಂದ ಪಿಕ್ (ತಂತಿ ಮೀಟೋ ಚೂರು) ಹಿಡಿದೇ ಬಾರಿಸೋನು. ಸ್ಲೈಡಿಗೆ ಪಿಕ್ ಬಿಡಬೇಕಾ? ಬೆರಳಲ್ಲಿ ಮೀಟೋದಾದ್ರೆ ಯಾವ ತಂತಿಗೆ ಯಾವ ಬೆರಳು? ಬೆರಳಿಗೆ ಹಾಕೋ ಲೋಹದ ಪಿಕ್ ಬೇಕಾ? ನಾನು ನೋಡಿದ ವೀಡಿಯೋಗಳೆಲ್ಲಾ ಎಡಗೈ ಬಗ್ಗೆನೇ ಹೇಳ್ತಾವೆ. ಗೊತ್ತಿದ್ದೋರು ದಯವಿಟ್ಟು ಬಿಡಿಸಿ ಹೇಳ್ರಿ.

ಸಿಂಧನೂರು ಭತ್ತ
ನಂದೂ ಇದೇ ಗೋಳು ಅಣ್ಣ. ಉತ್ತರಕ್ಕೆ ಕಾಯ್ತೀನಿ.

ಎಡದಂಡೆ ಗಂಗಾವತಿ
ತಮ್ಮಾ, ಪಿಕ್ ಬಿಡು. ಇವತ್ತೇ ಬಿಡು.

ನಾನು ಸ್ಲೈಡ್ ಕಲಿತದ್ದು ಆನೆಗುಂದಿ ಕಡೆ. ಸಾಣಾಪುರ, ವಿರುಪಾಪುರ ಗಡ್ಡಿಗೆ ವಿದೇಶದವರು ಬಂದು ತಿಂಗಳಗಟ್ಟಲೆ ಇರ್ತಿದ್ದ ಕಾಲ. ನಾನು ಅಲ್ಲಿ ಬೈಕ್ ಬಾಡಿಗಿ ಕೊಡ್ತಿದ್ದೆ. ಒಬ್ಬ ಮುದುಕ ದಿನಾ ಸಂಜಿಗೆ ಬಂಡೆಗಲ್ಲ ಮ್ಯಾಲ ಕುಂತು ಬಾರಿಸ್ತಿದ್ದ. ಅವನ ಎಡಗೈ ನೋಡಿ ನಾನು ಬಾಯಿ ತಕ್ಕೊಂಡು ಕುಂತಿದ್ದೆ. ಅವ ನನ್ನ ಗದ್ದ ಹಿಡಿದು ಮುಖಾನ ಬಲಗೈ ಕಡೆ ತಿರುಗಿಸಿದ. ಮಾತು ಬರೂದಿಲ್ಲ, ತೋರಿಸಿ ಕಲಿಸಿದ.

ಹೆಬ್ಬೆರಳಿಗೆ ದಪ್ಪನ ಆರು, ಐದು, ನಾಕನೇ ತಂತಿ. ತೋರುಬೆರಳಿಗೆ ಮೂರು. ನಡುಬೆರಳಿಗೆ ಎರಡು. ಉಂಗುರ ಬೆರಳಿಗೆ ಒಂದು. ಇಷ್ಟು ಎಲ್ಲಾರೂ ಹೇಳ್ತಾರ. ಆದ್ರ ಮುಖ್ಯ ವಿಷಯ ಮುಂದಿಂದು: ಮೀಟದ ಬೆರಳು ಗಾಳಿಯಾಗ ಇರಬಾರದು, ತನ್ನ ತಂತಿ ಮ್ಯಾಲ ಕುಂತಿರಬೇಕು. ನೀ ಎರಡನೇ ತಂತಿ ಮೀಟೂ ಮುಂದ ನಾಕೂ ಬೆರಳು ತಂತಿ ಮ್ಯಾಲ ಐತಿ ಅಂತ ತಿಳಕೋ. ನಡುಬೆರಳು ಒಂದೇ ಮೀಟಿ ಮ್ಯಾಲ ಏಳ್ತೈತಿ. ತೋರುಬೆರಳು ಮೂರನೇದನ್ನ ಹಿಡಿದು ಕುಂತೈತಿ, ಉಂಗುರ ಬೆರಳು ಒಂದನೇದನ್ನ. ಹೆಬ್ಬೆರಳಿನ ಪಕ್ಕಿ ಅಡ್ಡ ಮಲಗಿ ನಾಕು, ಐದು, ಆರನ್ನ ಒಟ್ಟಿಗೆ ಒತ್ತಿರ್ತೈತಿ. ಈಗ ಗುಂಯ್ ಅನ್ನಾಕ ಯಾವ ತಂತಿ ಉಳೀತು ಹೇಳು?

ಸ್ಲೈಡ್‌ನಾಗ ಬಲಗೈದು ಎರಡು ಕೆಲಸ. ಬೇಕಾದ ತಂತಿ ನುಡಿಸೂದು, ಬ್ಯಾಡಾದ ತಂತಿ ಬಾಯಿ ಮುಚ್ಚಿಸೂದು. ಎರಡನೇ ಕೆಲಸ ದೊಡ್ಡದು.

ಬಳ್ಳಾರಿ ಬಿಸಿಲು
ಪಿಕ್ ಬಿಡು ಅಂತ ಅಷ್ಟು ಖಡಾಖಂಡಿತ ಹೇಳಬಾರದು ಸರ್. ನಾನು ಹನ್ನೆರಡು ವರ್ಷದಿಂದ ಆರ್ಕೆಸ್ಟ್ರಾದಾಗೆ ಎಲೆಕ್ಟ್ರಿಕ್ ಬಾರಿಸ್ತಾ ಬಂದೀನಿ. ಪಿಕ್ ಕೊಡೋ ಹೊಡೆತ ಬರೀ ಬೆರಳಿಗೆ ಬರಲ್ಲ. ತಂತಿ ಮುಚ್ಚೋಕೆ ಅಂಗೈ ತಳ ಐತಲ್ಲ, ಕುದುರೆ (ಬ್ರಿಡ್ಜ್) ಹತ್ರ ಒತ್ತಿದ್ರೆ ಆಯ್ತು. ಸ್ಲೈಡಿಗೆ ಹೆಸರಾದ ಅಮೆರಿಕದ ಡ್ವೇನ್ ಆಲ್‌ಮನ್ ಪಿಕ್ ಹಿಡಿದು ಬಾರಿಸ್ಲಿಲ್ವಾ?

ಎಡದಂಡೆ ಗಂಗಾವತಿ
ಬಾರಿಸ್ಯಾನ, ಆದ್ರ ಸ್ಲೈಡ್ ಹಾಕ್ಕೊಂಡಾಗ ಅಲ್ಲ. ಸ್ಲೈಡಿಗೆ ಅವನೂ ಬರಿ ಬೆರಳೇ. ಔಷಧಿಯ ಗಾಜಿನ ಸೀಸಾ ಉಂಗುರ ಬೆರಳಿಗೆ ಸಿಗಿಸಿ, ಬಲಗೈಲೆ ಹೆಬ್ಬೆರಳು, ತೋರುಬೆರಳು, ನಡುಬೆರಳಿನಿಂದ ಮೀಟ್ತಿದ್ದ. ಡೆರೆಕ್ ಟ್ರಕ್ಸ್‌ನೂ ಹಂಗ, ಓಪನ್ ಇ ಟ್ಯೂನಿಂಗ್, ಬರಿಗೈ. ಹೊಡೆತ ಸಾಲೂದಿಲ್ಲ ಅಂತ ಅವನ ಬಾರಿಸಾಣಿಕಿ ಕೇಳಿದವರು ಯಾರೂ ಅನ್ನೂದಿಲ್ಲ.

ಅಂಗೈ ತಳ ಒತ್ತಿದ್ರ ಆರೂ ತಂತಿ ಕೂಡೇ ಮುಚ್ತಾವ. ನಿಮಗ ಬೇಕಾದ ಒಂದು ತಂತಿ ಉಳಿಸಿಕೊಂಡು ಐದು ಮುಚ್ಚೂದು ಅದರಾಗ ಆಗೂದಿಲ್ಲರಿ.

ಬಳ್ಳಾರಿ ಬಿಸಿಲು
ಆಲ್‌ಮನ್ ವಿಷಯ ನನಗೆ ಗೊತ್ತಿರಲಿಲ್ಲ, ಒಪ್ಪಿದೆ. ಆದ್ರೆ ಜಾನಿ ವಿಂಟರ್ ಹೆಬ್ಬೆರಳಿಗೆ ಥಂಬ್ ಪಿಕ್ ಹಾಕ್ಕೊಂಡೇ ಸ್ಲೈಡ್ ಬಾರಿಸಿದ್ದು. ಮತ್ತೆ ಪಿಕ್ ಬಿಡದೆ ಮಾಡೋ ದಾರಿನೂ ಐತೆ: ಹೆಬ್ಬೆರಳು ತೋರುಬೆರಳ ನಡುವೆ ಪಿಕ್, ನಡುಬೆರಳು ಉಂಗುರ ಬೆರಳು ಖಾಲಿ. ಕೆಳಗಿನ ದಪ್ಪ ಸ್ವರ ಪಿಕ್‌ನಿಂದ, ಮೇಲಿನ ಸ್ವರದ ಎರಡು ಸಣ್ಣ ತಂತಿ ಬೆರಳಿಂದ. ಸ್ಟೇಜ್ ಮೇಲೆ ಒಂದು ಹಾಡಿಗೆ ಸ್ಲೈಡ್, ಮುಂದಿನದಕ್ಕೆ ಕಾರ್ಡ್ ಇರ್ತಾವೆ. ಪಿಕ್ ಎಲ್ಲಿ ಇಡಬೇಕು ಅಂತ ಹುಡುಕೋ ಹೊತ್ತಿಗೆ ತಬಲಾದೋನು ಶುರು ಮಾಡಿರ್ತಾನೆ.

ಸಿಂಧನೂರು ಭತ್ತ
ಸ್ಲೈಡ್ ಗಿಟಾರ್ ಕಂಡುಹಿಡಿದಿದ್ದು ಬ್ರಿಜ್‌ಭೂಷಣ ಕಾಬ್ರಾ ಅವರೇ ಅಲ್ವಾ? ಅವರ ಬಲಗೈ ಹೆಂಗಿತ್ತು ಅಂತ ಯಾರಾದ್ರೂ ಹೇಳ್ತೀರಾ?

ರಾಯಚೂರು ತಂತಿ
ಕಾಬ್ರಾ ಅವರು ಕಂಡುಹಿಡಿದದ್ದಲ್ಲ ತಮ್ಮ. ಗಿಟಾರ್ ತಂತಿ ಮ್ಯಾಲ ಉಕ್ಕಿನ ತುಂಡು ಜಾರಿಸೋ ಪದ್ಧತಿ ಹವಾಯಿ ದ್ವೀಪದ್ದು. 19ನೇ ಶತಮಾನದ ಕೊನಿಗೆ ಜೋಸೆಫ್ ಕೆಕುಕು ಅನ್ನೋರು ಶುರು ಮಾಡಿದ್ರು ಅಂತ ಹೇಳ್ತಾರ. ಅಲ್ಲಿಂದ ಅದು ಕಲ್ಕತ್ತಾಕ್ಕ ಬಂತು. ಹಳೇ ಮಂದಿ ಈಗಲೂ ಹವಾಯಿಯನ್ ಗಿಟಾರ್ ಅಂತಾರಲ್ಲ, ಅದಕ್ಕ. ಸುನಿಲ್ ಗಂಗೂಲಿ, ವ್ಯಾನ್ ಶಿಪ್ಲಿ ಬಾರಿಸಿದ ಸಿನೆಮಾ ಹಾಡು ರೇಡಿಯೋದಾಗ ಕೇಳೇ ನಾವು ಬೆಳೆದದ್ದು. ಕಾಬ್ರಾ ಅವರು ಮಾಡಿದ್ದು ಬ್ಯಾರೆ: ಅಲಿ ಅಕ್ಬರ್ ಖಾನ್ ಅವರ ಹತ್ತಿರ ಕಲಿತು, ಆ ವಾದ್ಯದ ಮ್ಯಾಲ ರಾಗದ ಆಲಾಪ ತಂದ್ರು. 1967ರಾಗ ಶಿವಕುಮಾರ ಶರ್ಮಾ, ಹರಿಪ್ರಸಾದ ಚೌರಾಸಿಯಾ ಜೋಡಿ ಅವರು ಮಾಡಿದ ರೆಕಾರ್ಡಿಂದ ಮನಿಮನಿಗೆ ಮುಟ್ಟಿತು.

ಆಮ್ಯಾಲ ವಿಶ್ವಮೋಹನ ಭಟ್ಟರು ಗಿಟಾರ್ ಮಾರ್ಪಡಿಸಿ ಮಾಡಿದ ಮೋಹನವೀಣಾ, 1994ರಾಗ ರೈ ಕೂಡರ್ ಜೋಡಿ ಗ್ರ್ಯಾಮಿ. ಕಾಬ್ರಾ ಅವರ ಶಿಷ್ಯರು ದೇವಾಶಿಶ್ ಭಟ್ಟಾಚಾರ್ಯ. ನಮ್ಮ ಕರ್ನಾಟಕದಾಗ ಪ್ರಕಾಶ ಸೊಂಟಕ್ಕೆ. ಇವರ ವೀಡಿಯೋ ಹಾಕ್ಕೊಂಡು ದನಿ ಬಂದ್ ಮಾಡಿ ಬಲಗೈ ಒಂದೇ ನೋಡ್ರಿ. ನಾ ಹಿಂಗ ನೋಡೇ ಬಹಳ ಕಲಿತೀನಿ.

ಈಗ ಮೂಲ ಪ್ರಶ್ನಿಗೆ ಬರ್ತೀನಿ. ನಾ ಮೂವತ್ತು ವರ್ಷ ಸಿತಾರ ಕಲಿಸೀನಿ, ಸ್ಲೈಡ್ ಹಿಡಿದದ್ದು ನಿವೃತ್ತಿ ಆದ ಮ್ಯಾಲ. ಎಡದಂಡೆಯವರು ಹೇಳಿದ್ದು ಖರೆ, ಆದ್ರ ಅದು ಅರ್ಧ. ಬ್ಯಾಡಾದ ತಂತಿ ಮುಚ್ಚಿದ್ರಿ. ಬೇಕಾದ ತಂತಿ ಯಾವಾಗ ಮೀಟಬೇಕು, ಯಾವಾಗ ಮೀಟಬಾರದು?

ಹಾಡಿನ ಸಾಲು ಬಾಯಾಗ ಅನ್ನಿ. ವ್ಯಂಜನ ಬಿದ್ದ ಕಡೆ ಮೀಟು, ಸ್ವರ ಎಳೆದ ಕಡೆ ಬರೀ ಜಾರು. 'ತುಂಗಭದ್ರಾ' ಅಂತ ಅನ್ನಿ ನೋಡೋಣ. ತುಂ, ಗ, ಭ, ದ್ರಾ. ನಾಕು ಮೀಟು. ಆ ಕೊನೀ 'ಆ'ಕಾರ ಎಷ್ಟು ದೂರ ಹೋದ್ರೂ ಮತ್ತ ಮೀಟಬ್ಯಾಡ್ರಿ, ಸ್ಲೈಡ್ ಮ್ಯಾಲ ಬಿಟ್ಟುಬಿಡ್ರಿ. ನಮ್ಮ ಮಾನವಿ ಜಗನ್ನಾಥದಾಸರ ಪದ ಒಂದು ತಗೊಂಡು ಹಿಂಗ ಬಾರಿಸ್ರಿ, ಕೇಳಿದವರಿಗೆ ಶಬ್ದ ಕೇಳ್ತಾವ. ಗಿಟಾರಿನವರು ಪ್ರತಿ ಸ್ವರಕ್ಕೂ ಒಂದೊಂದು ಮೀಟು ಹಾಕ್ತಾರ, ಅಲ್ಲೇ ಹಾಡು ಸಾಯ್ತದ.

ಕೊಪ್ಪಳದ ಟೀಚರ್
ರಾಯಚೂರು ಸರ್, ಈ ಒಂದು ಮಾತಿಗೆ ನಿಮಗೆ ದೊಡ್ಡ ನಮಸ್ಕಾರ. ನಾನು ಶಾಲೆಯಲ್ಲಿ ಸಂಗೀತ ಕಲಿಸ್ತೀನಿ. ಮಕ್ಕಳಿಗೆ ಹಾರ್ಮೋನಿಯಂ ಮೇಲೆ ಇದೇ ತಪ್ಪು ತಿದ್ದಿ ತಿದ್ದಿ ಸಾಕಾಗಿದೆ. ಹಿಂಗೆ ಹೇಳಿಕೊಡಬಹುದು ಅಂತ ಹೊಳೆದಿರಲಿಲ್ಲ.

ಬಳ್ಳಾರಿ ಬಿಸಿಲು
ದಾಸರ ಪದಕ್ಕೆ ಸರಿ ಸರ್. ಬ್ಲೂಸ್‌ಗೆ ಇದು ನಡೆಯಲ್ಲ. ಅಲ್ಲಿ ತಾಳ ಹೆಬ್ಬೆರಳಲ್ಲೇ ಓಡ್ತಿರಬೇಕು. ಆರನೇ ತಂತಿ, ನಾಕನೇ ತಂತಿ, ಆರು, ನಾಕು. ನಿಲ್ಲೋ ಹಂಗೇ ಇಲ್ಲ.

ರಾಯಚೂರು ತಂತಿ
ನಿಲ್ಲಬ್ಯಾಡ್ರಿ. ಸಿತಾರದಾಗ ಚಿಕಾರಿ ಅನ್ನೋ ತಾಳದ ತಂತಿ ಅದಲ್ಲ, ಅದೂ ನಿಲ್ಲೋದಿಲ್ಲ, ಝಾಲಾ ಅನ್ನೋ ಜೋರಿನ ಭಾಗದಾಗ ಓಡ್ತನೇ ಇರ್ತದ. ತಾಳದ ತಂತಿ ಬ್ಯಾರೆ, ಹಾಡೋ ತಂತಿ ಬ್ಯಾರೆ. ನಾ ಹೇಳಿದ್ದು ಹಾಡೋ ತಂತಿ ಬಗ್ಗೆ. ಬ್ಲೂಸ್ ಹಾಡೋ ಮನುಷ್ಯಾಗೂ ಬಾಯಿ ಇರ್ತದ, ಅವನೂ ಅಕ್ಷರ ಅಂತಾನ.

ಬಳ್ಳಾರಿ ಬಿಸಿಲು
ಹಂಗಂದ್ರೆ ಸರಿ. ಅದನ್ನ ಒಪ್ತೀನಿ.

ಕೌಲ್‌ಬಜಾರ್ ಹುಡುಗ
ಇಷ್ಟು ಬೇಗ ಇಷ್ಟು ಉತ್ತರ ಬರ್ತಾವೆ ಅಂದ್ಕೊಂಡಿರಲಿಲ್ಲ. ಎಲ್ಲರಿಗೂ ಥ್ಯಾಂಕ್ಸ್. ಎಡದಂಡೆ ಅಣ್ಣ, ರಾತ್ರಿ ಊಟ ಆದ್ಮೇಲೆ ಕೂತು ನೀವು ಹೇಳಿದಂಗೆ ಬೆರಳು ಇಟ್ಟು ನೋಡಿದೆ. ಗುಂಯ್ ಅನ್ನೋದು ಅರ್ಧ ಹೋಯ್ತು! ಕೀಚಲು ದನಿ ಮಾತ್ರ ಹೋಗಿಲ್ಲ. ಮತ್ತೆ ಲೋಹದ ಪಿಕ್ ಬಗ್ಗೆ ಯಾರೂ ಹೇಳ್ಲಿಲ್ಲ.

ಎಡದಂಡೆ ಗಂಗಾವತಿ
ಕೀಚಲು ದನಿ ಬರೂದು ಸ್ಲೈಡಿನ ಹಿಂದಿನ ತುಂಡು ತಂತಿಯಿಂದ, ಅಂದ್ರ ಸ್ಲೈಡಿನಿಂದ ತಂತಿ ಬಿಗಿಸೂ ಕಿವಿಗಳ ಕಡೆ ಇರೂ ಭಾಗ. ಸ್ಲೈಡ್ ಕಿರುಬೆರಳಾಗ ಐತೆಂದ್ರ ಉಂಗುರ ಬೆರಳು, ನಡುಬೆರಳು ಹಿಂದ ತಂತಿ ಮ್ಯಾಲ ಹಗೂರ್ಕ ಮಲಗಿಸು. ಒತ್ತಬ್ಯಾಡ, ತಂತಿ ಮುಟ್ಟಿದ್ರ ಸಾಕು. ಇದು ಎಡಗೈ ಕೆಲಸ ಆದ್ರೂ ಬಲಗೈ ಜೋಡಿನೇ ಕಲೀಬೇಕು.

ಕೊಪ್ಪಳದ ಟೀಚರ್
ಲೋಹದ ಪಿಕ್ ಬಗ್ಗೆ ನಾನು ಹೇಳ್ತೀನಿ. ನಾನು ಬಾರಿಸೋದು ತೊಡೆ ಮೇಲೆ ಮಲಗಿಸಿದ ಗಿಟಾರ್. ಹೆಬ್ಬೆರಳಿಗೆ ಪ್ಲಾಸ್ಟಿಕ್ ಥಂಬ್ ಪಿಕ್, ತೋರುಬೆರಳು ನಡುಬೆರಳಿಗೆ ಲೋಹದ್ದು. ಹೀಗೇ ಮಲಗಿಸಿ ನುಡಿಸೋ ಡೋಬ್ರೋ ಗಿಟಾರ್ ಬಾರಿಸೋ ಜೆರ್ರಿ ಡಗ್ಲಸ್ ಹಾಕೋದೂ ಹೀಗೇ. ನಮ್ಮ ದಕ್ಷಿಣದ, ತಂತಿ ಮೇಲೆ ತುಂಡು ಜಾರಿಸಿ ನುಡಿಸೋ ಗೋಟುವಾದ್ಯದಲ್ಲೂ ಬಲಗೈ ಬೆರಳಿಗೆ ತಂತಿಯ ನಖಿ ಹಾಕ್ತಾರೆ. ಮಲಗಿಸಿದ ವಾದ್ಯಕ್ಕೆ ತಂತಿ ದಪ್ಪ, ಸ್ಲೈಡ್ ಬದಲು ಕೈಯಲ್ಲಿ ಹಿಡಿದು ಜಾರಿಸೋ ಲೋಹದ ಬಾರ್ ಭಾರ. ಬರಿ ಬೆರಳಿಗೆ ಆ ತಂತಿ ಎಬ್ಬಿಸೋದು ಕಷ್ಟ.

ಹಾಕೋ ಕ್ರಮ ನೋಡಿಕೊಳ್ಳಿ. ನನ್ನ ಮೊದಲನೇ ಜೋಡಿ ನಾನು ಉಗುರಿನ ಮೇಲೆ ಬರೋ ಹಂಗೆ, ಸಿಪ್ಪೆ ತೊಡಿಸಿದ ಹಾಗೆ ಹಾಕಿಕೊಂಡು ಎರಡು ವಾರ ಒದ್ದಾಡಿದೆ. ಅಂಗಡಿಯವರೂ ಹಾಗೇ ತೋರಿಸಿದ್ದರು. ಅದರ ನಾಲಿಗೆ ಬೆರಳಿನ ಒಳಗಡೆ, ಮೆತ್ತನೆ ಭಾಗದ ಮೇಲೆ ಬರಬೇಕು, ತುದಿ ಸ್ವಲ್ಪ ಒಳಕ್ಕೆ ಬಾಗಿರಬೇಕು. ಬೆರಳು ಸುತ್ತೋ ಎರಡು ಕಿವಿಗಳನ್ನು ಇಕ್ಕಳದಿಂದ ಹಗುರಾಗಿ ಒತ್ತಿ ಬೆರಳಿನ ಅಳತೆಗೆ ತನ್ನಿ. ಥಂಬ್ ಪಿಕ್ ಬಿಗಿ ಆದರೆ ಬಿಸಿನೀರಲ್ಲಿ ಅರ್ಧ ನಿಮಿಷ ಇಟ್ಟು ಅಗಲಿಸಿ, ಕೂಡಲೇ ತಣ್ಣೀರಲ್ಲಿ ಅದ್ದಿ. ಬೆಂಕಿಗೆ ಮಾತ್ರ ಹಿಡಿಯಬೇಡಿ, ಕೆಲವು ಪಿಕ್ ಸೆಲ್ಯುಲಾಯ್ಡ್‌ದವು, ಭಗ್ ಅಂತ ಹತ್ಕೊಳ್ತವೆ.

ಆದರೆ ನಿಮಗೆ ಈಗಲೇ ಲೋಹದ ಪಿಕ್ ಬೇಡ ಅನ್ನೋದು ನನ್ನ ಅಭಿಪ್ರಾಯ. ನುಡಿಯುತ್ತಿರೋ ತಂತಿ ಮೇಲೆ ಬರಿ ಬೆರಳು ಇಟ್ಟರೆ ಮೆತ್ತಗೆ ನಿಲ್ಲುತ್ತೆ. ಲೋಹ ಇಟ್ಟರೆ ಜಿರ್ ಅನ್ನುತ್ತೆ. ಆ ಜಿರ್ ಬರದ ಹಾಗೆ ಮುಚ್ಚೋಕೆ ಅಂಗೈ ಅಂಚನ್ನು ಪ್ರತಿ ಸ್ವರದ ನಡುವೆ ಇಟ್ಟು ಎತ್ತೋದನ್ನು ಬೇರೆ ಕಲಿಯಬೇಕು. ಮೊದಲು ಬರಿ ಬೆರಳಲ್ಲಿ ಮೌನ ಮಾಡೋದು ಕಲಿಯಿರಿ.

ಹಟ್ಟಿ ಲೇತ್
ಬಾರ್ ಬೇಕಾದವರು ನನ್ನ ಕೇಳ್ರಿ. ಲೇತ್ ಮ್ಯಾಲ ಕೆಲಸ ಮಾಡೋನು. ನಮ್ಮ ಅಳಿಯಗ ಮಾಡಿಕೊಟ್ಟೀನಿ. 20 ಮಿಲಿಮೀಟರ್ ಸ್ಟೇನ್‌ಲೆಸ್ ರಾಡ್, 80 ಮಿಲಿಮೀಟರ್ ಉದ್ದ. ಸುಮಾರು 200 ಗ್ರಾಂ ತೂಗ್ತದ. ಒಂದು ತುದಿ ದುಂಡಗ ಮಾಡ್ರಿ, ಇಲ್ಲಂದ್ರ ತಂತಿಗೆ ಸಿಗಬೀಳ್ತದ. ಆಮ್ಯಾಲ ಎಮರಿ ಕಾಗದ 400, 800, 1200, 2000, ಹಂಗ ಒಂದರ ಮ್ಯಾಲ ಒಂದು. ಮುಖ ಕಾಣಬೇಕು ಅದರಾಗ. ಒಂದು ಗೀರು ಉಳಿದ್ರೂ ತಂತಿ ಮ್ಯಾಲ ಕೊರ್ ಅಂತದ.

ಸಿಂಧನೂರು ಭತ್ತ
ಮಾಮ, ನನಗೊಂದು ಮಾಡಿಕೊಡ್ತೀರಾ?

ಹಟ್ಟಿ ಲೇತ್
ರಾಡ್ ನೀ ತಗೊಂಡು ಬಾ, ಕೂಲಿ ಬ್ಯಾಡ. ಬಂದಾಗ ಬಾರಿಸಿ ಕೇಳಿಸು.

ಸಿಂಧನೂರು ಭತ್ತ
ಬರೋ ಐತವಾರನೇ ಬರ್ತೀನಿ.

ಬಳ್ಳಾರಿ ಬಿಸಿಲು
ದಪ್ಪ ತಂತಿ ಮಾತು ಬಂತು ಅಂತ ಒಂದು ಎಚ್ಚರಿಕೆ. ನನ್ನ ಹಳೇ ಅಕೌಸ್ಟಿಕ್‌ಗೆ ಒಂದು ಅಂಗಡಿಯೋರು 13ರ ದಪ್ಪ ತಂತಿ ಸೆಟ್ ಹಾಕಿ, ಓಪನ್ ಇಗೆ ಎಳೆದು ಕೊಟ್ರು. ಓಪನ್ ಇ ಅಂದ್ರೆ ಮೂರು ತಂತಿ ಮೇಲಕ್ಕೆ ಎಳೀಬೇಕು. ಮೇ ತಿಂಗಳು, ತಗಡಿನ ರೂಮು. ಮೂರನೇ ದಿನಕ್ಕೆ ಕುದುರೆ ಗೋಂದು ಬಿಟ್ಟು ಮೇಲಕ್ಕೆದ್ದಿತ್ತು, ಕೆಳಗೆ ಒಂದು ಕಾಗದ ತೂರೋಷ್ಟು ಸಂದು. ಆ ಗಿಟಾರ್ ನನ್ನ ಮೊದಲ ಸಂಬಳದ್ದು. ಈಗಲೂ ನೆನೆಸ್ಕೊಂಡ್ರೆ ಹೊಟ್ಟೆ ಉರೀತೈತೆ. ನಮ್ಮ ಕಡೆ ಬಿಸಿಲಿಗೆ ಅಕೌಸ್ಟಿಕ್ ಇದ್ರೆ ಓಪನ್ ಡಿನೇ ಕ್ಷೇಮ, ಅದರಾಗೆ ನಾಕು ತಂತಿ ಇಳೀತಾವೆ, ಒಂದೂ ಏರಲ್ಲ. ತಮ್ಮ ಓಪನ್ ಡಿ ಇಟ್ಕೊಂಡಿದ್ದು ಒಳ್ಳೇದಾಯ್ತು.

ರಾಯಚೂರು ತಂತಿ
ಓಪನ್ ಡಿ ಅಂದ್ರ ದಪ್ಪ ತಂತಿಯಿಂದ ಸ, ಪ, ಸ, ಗ, ಪ, ಸ. ಹಿಂಗ ನೆನಪಿಟ್ಟುಕೊಂಡ್ರ ಇಂಗ್ಲಿಷ್ ಅಕ್ಷರ ಬಾಯಿಪಾಠ ಮಾಡೋ ಜರೂರಿಲ್ಲ. ಸ ತಂತಿ ಐದನೇ ಫ್ರೆಟ್ಟಿಗೆ ಮಧ್ಯಮ ಆಗ್ತದ, ಏಳಕ್ಕ ಪಂಚಮ, ಹನ್ನೆರಡಕ್ಕ ಮತ್ತ ಸ.

ಎಡದಂಡೆ ಗಂಗಾವತಿ
ತಮ್ಮಗ ಒಂದು ಅಭ್ಯಾಸ ಹೇಳ್ತೀನಿ, ಆ ಮುದುಕ ನನಗ ಒಂದು ತಿಂಗಳು ಇದೊಂದೇ ಮಾಡಿಸಿದ್ದು. ತಾಳ ಎಣಿಸೂ ಮೆಟ್ರೊನೋಮ್ ನಿಮಿಷಕ್ಕ 60ಕ್ಕ ಇಡು. ಸ್ಲೈಡ್ ಹನ್ನೆರಡನೇ ಫ್ರೆಟ್ ಮ್ಯಾಲ. ಮೂರನೇ ತಂತಿ ತೋರುಬೆರಳಿಂದ ಮೀಟು, ಎರಡು ಎಣಿಕಿ ನುಡೀಲಿ. ಮೂರಕ್ಕ ಅದೇ ತೋರುಬೆರಳು ಮತ್ತ ತಂತಿ ಮ್ಯಾಲ ಕುಂದರಲಿ, ಎರಡು ಎಣಿಕಿ ಪೂರ್ತಿ ಸುಮ್ಮನ. ಸುಮ್ಮನ ಇದ್ದಾಗ ಏನರ ಕೇಳಿಸ್ತೇನು? ಕೇಳಿಸಿದ್ರ ಯಾವ ತಂತಿ ಅಂತ ಹುಡುಕು. ಹಿಂಗ ನಾಕೂ ಬೆರಳಿಗೆ.

ಅದು ಬಂದ ಮ್ಯಾಲ ಎರಡನೇದರಿಂದ ಒಂದನೇ ತಂತಿಗೆ ದಾಟು. ಉಂಗುರ ಬೆರಳು ಒಂದನ್ನ ಮೀಟೂ ಕ್ಷಣಕ್ಕೇ ನಡುಬೆರಳು ಎರಡರ ಮ್ಯಾಲ ಬೀಳಬೇಕು. ಒಂದು ಬೆರಳು ಏಳ್ತೈತಿ, ಒಂದು ಇಳೀತೈತಿ, ಕಾಲಾಗ ಏತ ತುಳಿದಂಗ. ಸ್ಲೈಡ್ ಸರಿಸೂದಾದ್ರೂ ಹಂಗ: ಜಾರೂ ದನಿ ಬೇಕಂದ್ರ ಮೀಟಿ ಆಮ್ಯಾಲ ಸರಿಸು. ಬ್ಯಾಡಂದ್ರ ತಂತಿ ಮುಚ್ಚಿ, ಸರಿಸಿ, ಆಮ್ಯಾಲ ಮೀಟು.

ಕೊಪ್ಪಳದ ಟೀಚರ್
ಮೀಟೋ ಜಾಗವನ್ನೂ ಬದಲಿಸಿ ನೋಡಿ. ಕುದುರೆ ಹತ್ತಿರ ಮೀಟಿದರೆ ದನಿ ಚೂಪು, ಕುತ್ತಿಗೆ ಕಡೆ ಬಂದರೆ ಮೆತ್ತಗೆ, ದುಂಡಗೆ. ಒಂದೇ ಸಾಲನ್ನು ಮೊದಲು ಒಂದು ಕಡೆ, ಎರಡನೇ ಸಲ ಇನ್ನೊಂದು ಕಡೆ ಮೀಟಿದರೆ ಇಬ್ಬರು ಹಾಡಿದ ಹಾಗೆ ಇರುತ್ತೆ.

ಕೌಲ್‌ಬಜಾರ್ ಹುಡುಗ
ಮೂರು ವಾರ ಆಯ್ತು, ಮತ್ತೆ ಬಂದೀನಿ. ಪಿಕ್ ಕಬೋರ್ಡ್‌ನಾಗೆ ಇಟ್ಟೆ. ಮೊದಲ ವಾರ ಹಾಡೇ ಬಾರಿಸ್ಲಿಲ್ಲ, ಎಡದಂಡೆ ಅಣ್ಣ ಹೇಳಿದ ಎರಡು ಎಣಿಕೆ ನುಡಿ, ಎರಡು ಎಣಿಕೆ ಮೌನ, ಇಷ್ಟೇ. ದಿನಾ ನಲವತ್ತು ನಿಮಿಷ. ಯೂನಿಟ್‌ನಾಗೆ ಕಟಿಂಗ್ ಮೆಷಿನ್ ಸದ್ದು ಇಡೀ ದಿನ ಕೇಳಿ ಬಂದೋನಿಗೆ ಆ ಎರಡು ಎಣಿಕೆ ಮೌನ ಎಷ್ಟು ದೊಡ್ಡದು ಅನ್ನಿಸ್ತಿತ್ತು ಅಂದ್ರೆ, ಹೇಳೋಕೆ ಬರಲ್ಲ.

ಎಡಗೈ ಬೆರಳು ಹಿಂದೆ ಮಲಗಿಸಿದ ಮೇಲೆ ಕೀಚಲು ದನಿ ಹೋಯ್ತು. ರಾಯಚೂರು ಸರ್ ಹೇಳಿದಂಗೆ 'ತುಂಗಭದ್ರಾ' ಅಂತ ಬಾಯಾಗೆ ಅನ್ಕೊಂಡು ಮೀಟೋದು ಎರಡನೇ ವಾರ ಶುರು ಮಾಡಿದೆ. ಈಗ ಅಮ್ಮ ದಿನಾ ಹಾಡೋ ಒಂದು ದೇವರ ಪದ ಹಿಡಿದೀನಿ. ನಿನ್ನೆ ಬಾರಿಸೋವಾಗ ಅಡುಗೆ ಮನೆಯಿಂದ ಅಮ್ಮ ಎರಡನೇ ಸಾಲು ಹಾಡಿದ್ರು. ನಾನು ಹಾಡಿರಲಿಲ್ಲ, ಬರೀ ಬಾರಿಸಿದ್ದೆ.

ಒಂದು ತೊಂದರೆ ಉಳಿದೈತೆ. ಎರಡನೇ ತಂತಿಯಿಂದ ಒಂದಕ್ಕೆ ದಾಟೋದು ಸಲೀಸು. ವಾಪಸ್ ಬರೋವಾಗ ಉಂಗುರ ಬೆರಳು ತಡ ಮಾಡಿ ಕೂಡ್ತೈತೆ, ಒಂದನೇ ತಂತಿ ಟಿಂಗ್ ಅಂತ ಉಳ್ಕೊಂತೈತೆ.

ರಾಯಚೂರು ತಂತಿ
ತಾಯಿ ಹಾಡಿದ್ರು ಅಂದ ಮ್ಯಾಲ ನಾ ಏನು ಹೇಳೋದು ಉಳಿದದ. ಬಹಳ ಸಂತೋಷ ಆಯ್ತು ತಮ್ಮ.

ಕೊಪ್ಪಳದ ಟೀಚರ್
ಉಂಗುರ ಬೆರಳು ಮೀಟಿದ ಮೇಲೆ ಎಷ್ಟು ದೂರ ಹೋಗ್ತಿದೆ ನೋಡಿಕೊಳ್ಳಿ. ಅಂಗೈಗೆ ಹತ್ತೋವಷ್ಟು ಮಡಚಿಕೊಂಡರೆ ವಾಪಸ್ ಬರೋಕೆ ತಡ ಆಗೇ ಆಗುತ್ತೆ. ತಂತಿಯಿಂದ ಒಂದು ಅಕ್ಕಿಕಾಳಿನಷ್ಟು ದೂರ ಎತ್ತಿದರೆ ಸಾಕು.

ಬಳ್ಳಾರಿ ಬಿಸಿಲು
ಕಿರುಬೆರಳನ್ನೂ ನೋಡ್ಕೋ. ಅದು ಗಿಟಾರ್ ಮೈಮೇಲೆ ಊರಿದ್ರೆ ಪಕ್ಕದ ಉಂಗುರ ಬೆರಳು ಬಿಗಿ ಆಗ್ತೈತೆ. ಎತ್ತಿಬಿಡು. ಮತ್ತೆ ನಾನೂ ಹೋದ ವಾರದಿಂದ ಬರಿ ಬೆರಳಲ್ಲಿ ನೋಡ್ತಾ ಇದ್ದೀನಿ. ಸ್ಟೇಜ್‌ಗೆ ಪಿಕ್ ಬಿಡಲ್ಲ, ಆದ್ರೆ ಮನೆಯಾಗೆ ಬೆರಳೇ ಚೆಂದ ಕೇಳ್ತೈತೆ.

ಕೌಲ್‌ಬಜಾರ್ ಹುಡುಗ
ಕಿರುಬೆರಳು ಊರಿಕೊಂಡೇ ಇದ್ದೆ! ಈಗ ನೋಡಿದೆ, ಅಲ್ಲೇ ಗಿಟಾರ್ ಮೇಲೆ ಬೆವರಿನ ಕಲೆ ಐತೆ.

ಸಿಂಧನೂರು ಭತ್ತ
ಹಟ್ಟಿ ಮಾಮ ಬಾರ್ ಮಾಡಿಕೊಟ್ರು. ಮುಖ ಕಾಣ್ತದ ಅದರಾಗೆ. ಅಲ್ಲೇ ಲೇತ್ ಪಕ್ಕ ಸ್ಟೂಲ್ ಮೇಲೆ ಕೂತು ಬಾರಿಸಿ ಕೇಳಿಸಿದೆ.

ಹಟ್ಟಿ ಲೇತ್
ಮೂರನೇ ತಂತಿ ಮುಚ್ಚೋದು ಮರೀತಾನ. ಅದೊಂದು ಬಿಟ್ರ ಛಲೋ ಬಾರಿಸ್ತಾನ.